ಹತ್ತು ಗಂಟೆಯ ಕುಕ್ಕರ್

ಗಲ್ಫಿನ ಮುಸಫ್ಫಾದ ಉಕ್ಕಿನ ಯಾರ್ಡೊಂದರಲ್ಲಿ ನಾನು ಬೆಸುಗೆ ತಪಾಸಣೆ ಮಾಡುವ ಇಂಜಿನಿಯರ್ ಆಗಿದ್ದೆ. ಅಷ್ಟು ಗಂಡಸರ ನಡುವೆ ಹೆಲ್ಮೆಟ್ ಹಾಕಿದ ಹೆಂಗಸು ನಾನೊಬ್ಬಳೇ, ಅದರ ಜಂಬವೂ ಸಾಕಷ್ಟಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನ್ನ ಗಂಡನ ಕೆಲಸ ಹೋಗಿ, ಅವರು ಅಲ್ಲಿ ಉಳಿಯಲು ಅವರ ವೀಸಾವನ್ನು ನನ್ನ ಕೆಲಸದ ಆಧಾರದ ಮೇಲೆ ಮಾಡಿಸಬೇಕಾಯಿತು. ಹೆಂಡತಿಯ ವೀಸಾದಲ್ಲಿದ್ದಾನೆ ಎಂದು ಜನ ಆಡಿಕೊಂಡಾರು, ಯಾರಿಗೂ ಹೇಳುವುದು ಬೇಡ ಎಂದವಳು ನಾನು. ಅವರಿಗೆ ಅಂಥ ನಾಚಿಕೆಯೇನೂ ಇರಲಿಲ್ಲ.

ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಟವರಂತೆ ಒಟ್ಟಿಗೇ ಲಿಫ್ಟಿನಲ್ಲಿ ಇಳಿಯುತ್ತಿದ್ದೆವು. ಅವರದು ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಖಾಲಿ ಬ್ಯಾಗು. ನಾನು ಕಂಪನಿ ಬಸ್ಸು ಹತ್ತಿದ ಮೇಲೆ ಒಂದು ಸುತ್ತು ಹಾಕಿ, ಹಿಂದಿನ ಮೆಟ್ಟಿಲಿನಿಂದ ಮನೆ ಸೇರಿ ಅಡುಗೆಗೆ ನಿಲ್ಲುತ್ತಿದ್ದರು. ಅವರ ಹುಳಿ ನನ್ನದಕ್ಕಿಂತ ರುಚಿ. ಒಪ್ಪಿಕೊಳ್ಳಲು ಹೊಟ್ಟೆಕಿಚ್ಚು ಬಿಡುತ್ತಿರಲಿಲ್ಲ.

ಪಕ್ಕದ ಫ್ಲಾಟಿನಲ್ಲಿ ಮಂಗಳೂರು ಕಡೆಯ ನರ್ಸ್ ಒಬ್ಬರಿದ್ದರು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು. ಒಂದು ಸಂಜೆ ಬಾಗಿಲ ಬಳಿ ನನ್ನ ಕೈ ಹಿಡಿದುಕೊಂಡರು.

"ನಿಮ್ಮ ಮನೆಯಲ್ಲಿ ಎಂಥದೋ ಉಂಟು ಮಾರಾಯ್ತಿ. ನೀವಿಬ್ರೂ ಹೋದ ಮೇಲೆ ಹತ್ತು ಗಂಟೆಗೆ ಕುಕ್ಕರ್ ಕೂಗ್ತದೆ. ಯಾರೋ ನಡೀತಾರೆ. ಬೆಲ್ ಮಾಡಿದ್ರೆ ಎಲ್ಲ ಗಪ್‌ಚಿಪ್."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾಲ್ಕು ತಿಂಗಳಿಂದ ಮನೆಯಲ್ಲಿ ದೆವ್ವ ಸಾಕಿದ್ದವಳು ನಾನೇ. ಅದು ನಮ್ಮವರು ಎನ್ನಲು ನಾಲಿಗೆ ಏಳಲಿಲ್ಲ. ನಮಗೂ ಆಗಾಗ ಸದ್ದು ಕೇಳಿಸುತ್ತದೆ ಅಕ್ಕ, ಎಂದುಬಿಟ್ಟೆ.

ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ಆ ಅಕ್ಕ ನಮ್ಮ ಬಾಗಿಲಿಗೆ ಚರ್ಚಿನ ತೀರ್ಥ ಚಿಮುಕಿಸಿ, ಒಳಗಿರುವ ಆತ್ಮ ಹೊರಟುಹೋಗಲಿ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಬಾಗಿಲ ಒಳಗೆ ಸೌಟು ಹಿಡಿದು ನಿಂತಿದ್ದ ನನ್ನ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೀನು ಅವರಿಗೆ ಏನು ಹೇಳಿದ್ದೆ?" ಎಂದು ಸಂಜೆ ಕೇಳಿದರು. ಹೇಳಿದೆ.

ಅಂದಿನಿಂದ ಕುಕ್ಕರ್ ಕೂಗಲಿಲ್ಲ. ಬೆಳಿಗ್ಗೆ ನನ್ನೊಂದಿಗೆ ಇಳಿದವರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದು, ಏಸಿ ಕೂಡ ಹಾಕದೆ ಸೋಫಾದಲ್ಲಿ ಕೂತುಬಿಡುತ್ತಿದ್ದರು. ನಾನು ಬರುವಾಗಲೂ ಅಲ್ಲೇ ಇರುತ್ತಿದ್ದರು, ಅಂಗಿಯ ಇಸ್ತ್ರಿ ಕೂಡ ಕೆಡದೆ.

ವಾರದ ನಂತರ ಆ ಅಕ್ಕ ಲಿಫ್ಟಿನ ಬಳಿ ಸಿಕ್ಕರು. ಅವರ ಮುಖದಲ್ಲಿ ನಿರಾಳ.

"ಈಗ ನಿಮ್ಮ ಮನೆಯಲ್ಲಿ ಯಾರೂ ಇಲ್ಲ, ನೋಡಿ."

ಥ್ಯಾಂಕ್ಸ್ ಹೇಳಿ ಒಳಗೆ ಬಂದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

"ರೀ, ನಾಳೆ ಎಲ್ಲರಿಗೂ ಹೇಳಿಬಿಡೋಣ," ಎಂದೆ, ಸ್ವಲ್ಪ ಜೋರಾಗಿಯೇ.

ಅವರು ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಮನೆಯ ಗೋಡೆಯ ಕಡೆ ಕಣ್ಣಲ್ಲೇ ಸನ್ನೆ ಮಾಡಿದರು.