ಹಗಲು ಭಜನೆಗೆ ಹೋಗಿ ಬಂದದ್ದು

ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಾಗ ಇನ್ನೂ ಮಂಜು ಕರಗಿರಲಿಲ್ಲ. ಬಸ್ ನಿಲ್ದಾಣದವರೆಗೂ ನನ್ನ ಹೆಂಡತಿ ಬಂದಿದ್ದಳು. ಕೈಚೀಲದಲ್ಲಿ ಒಂದು ಪಂಚೆ, ಒಂದು ಅಂಗಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ನನ್ನ ಹಿತ್ತಾಳೆ ತಾಳ ಇಟ್ಟುಕೊಟ್ಟಿದ್ದಳು. "ಮಂಡಿ ನೋವಿಲ್ದಿದ್ರೆ ನಾನೂ ಬಂದ್ಬಿಡ್ತಿದ್ದೆ, ನಂಗೇನು ಟಿಕೆಟ್ಟೇ ಇಲ್ಲ" ಅಂದಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ ನಮ್ಮ ಮನೆಯಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ನಾನು ಮಾತ್ರ ನಲವತ್ತು ಚಿಲ್ಲರೆ ರೂಪಾಯಿ ಕೊಟ್ಟು ಕಿಟಕಿ ಪಕ್ಕದ ಸೀಟು ಹಿಡಿದೆ.

ನಾನು ಹೊರಟಿದ್ದು ಹನುಮಂತನನ್ನು ನೋಡಲು. ಪೂರ್ತಿ ಹೆಸರು ಹನುಮಂತರಾಯಪ್ಪ. ಸಾಸಲು ಹೋಬಳಿಯ ನಮ್ಮೂರಿನಲ್ಲಿ ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದೆವು. ನಾನು ಸೋಂಪುರದ ಕಾರ್ಖಾನೆ ಕೆಲಸ ಹಿಡಿದು ನೆಲಮಂಗಲ ಸೇರಿದೆ, ಅವನು ಊರಲ್ಲೇ ಹೊಲ ನೋಡಿಕೊಂಡು ಭಜನೆ ಮಂಡಳಿ ನಡೆಸಿದ. ಹಾರ್ಮೋನಿಯಂ ಅವನದು, ತಾಳ ನನ್ನದು. ಸುತ್ತಲಿನ ಹಳ್ಳಿಗಳಲ್ಲಿ ಯಾರೇ ತೀರಿಕೊಂಡರೂ ನಮ್ಮ ಮಂಡಳಿಗೇ ಕರೆ ಬರುತ್ತಿತ್ತು. ಈಗ ಅವನ ಹೊಟ್ಟೆಯಲ್ಲಿ ಕ್ಯಾನ್ಸರ್. ಬೆಂಗಳೂರಿನ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು.

ಹಿಂದಿನ ದಿನ ಅವನೇ ಫೋನ್ ಮಾಡಿದ್ದ. ಗೃಹಪ್ರವೇಶಕ್ಕೆ ಕರೆಯುವವನ ದನಿ. "ಲೇ ಗಂಗ, ನಾಡಿದ್ದು ನನ್ ಸಾವಿನ ಭಜನೆ ಇಟ್ಕೊಂಡಿದೀನಿ. ತಾಳಕ್ಕೆ ನೀನಿಲ್ದೆ ಆಗಲ್ಲ. ನಾಳೆನೇ ಬಂದ್ಬಿಡು."

"ತಲೆ ಕೆಟ್ಟೈತೇನೋ ನಿಂಗೆ?" ಅಂದೆ.

"ತಲೆ ಒಂದೇ ಕಣ್ಲಾ ನೆಟ್ಟಗಿರೋದು" ಎಂದು ನಕ್ಕು ಫೋನ್ ಇಟ್ಟ.

ನಾನು ತಾಳ ತೆಗೆದುಕೊಂಡು ಹೊರಟೆನೇನೋ ನಿಜ, ಆದರೆ ಬಾರಿಸುವ ಮನಸ್ಸು ಇರಲಿಲ್ಲ. ಹೋಗಿ ಬುದ್ಧಿ ಹೇಳಿ ಇದನ್ನು ನಿಲ್ಲಿಸುವುದು ಎಂದೇ ತೀರ್ಮಾನಿಸಿದ್ದೆ. ದೇವರ ವಿಷಯದಲ್ಲಿ ನನ್ನದು ಯಾವಾಗಲೂ ಅರ್ಧಂಬರ್ಧ. ಪದದ ರುಚಿಗೆ, ಕೊನೆಯಲ್ಲಿ ಪ್ರಸಾದವೆಂದು ಕೊಡುವ ಕಡಲೆಕಾಳು ಚರುಪಿಗೆ ಭಜನೆಗೆ ಹೋಗುತ್ತಿದ್ದವನು ನಾನು. ನಂಬಿಕೆಯ ಭಾಗವನ್ನೆಲ್ಲ ಹನುಮಂತನಿಗೇ ಬಿಟ್ಟಿದ್ದೆ.

ಮಧುರೆ ದಾಟುವಾಗ ಬಿಸಿಲು ಬಂತು. ದೊಡ್ಡಬಳ್ಳಾಪುರದಲ್ಲಿ ಇಳಿದು ಎರಡು ಇಡ್ಲಿ, ಒಂದು ವಡೆ ತಿಂದೆ. ಅಲ್ಲಿಂದ ಸಾಸಲು ಕಡೆಯ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ದೊಡ್ಡಬೆಳವಂಗಲದ ಸಂತೆಗೆ ಹೊರಟವರೋ ಏನೋ, ಬಸ್ಸಿನ ತುಂಬ ಅವರೆಕಾಯಿ ಮೂಟೆಗಳು. ಆ ಸೊಗಡು ಮೂಗಿಗೆ ಬಡಿದರೆ ಸಾಕು, ಎಂಥ ಚಿಂತೆಯಲ್ಲಿದ್ದರೂ ಹೊಟ್ಟೆ ಹಸಿಯುತ್ತದೆ. ಮುಂದೆ ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರಡಿದ್ದರು. ಕಣ ಮಾಡುವ ಶ್ರಮ ಯಾರಿಗೆ ಬೇಕು, ಓಡಾಡುವ ಬಸ್ಸು ಲಾರಿಗಳೇ ತುಳಿದುಕೊಡುತ್ತವೆ. ಡ್ರೈವರ್ ಬೈದುಕೊಳ್ಳುತ್ತಲೇ ಅದರ ಮೇಲೆ ಹೋದ.

ಊರು ತಲುಪಿದಾಗ ಮಧ್ಯಾಹ್ನ. ಹನುಮಂತ ಜಗಲಿಯ ಮೇಲೆ ದಿಂಬಿಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಅರ್ಧ ಆಗಿಹೋಗಿದ್ದ. ಕಣ್ಣು ಹಳದಿ, ಕೈ ಬರೀ ಮೂಳೆ. ನಾನು ಬೀದಿಯಲ್ಲೇ ನಿಂತುಬಿಟ್ಟೆ. ಅವನೇ, "ಏನ್ಲಾ, ದಾರೀಲಿ ನಿಂತ್ಕೊಂಡು ಚಟ್ಟಕ್ಕೆ ಅಳತೆ ತಗೊಳ್ತಿದೀಯಾ? ಬಾ ಒಳಕ್ಕೆ" ಅಂದ. ಅವನ ಹೆಂಡತಿ ಜಯಮ್ಮ ಅತ್ತಿಗೆ ನೀರು ತಂದುಕೊಟ್ಟು, ಅವರೆಕಾಯಿ ಸುಲಿಯಲು ಮೊರವನ್ನು ನನ್ನ ಮುಂದೆಯೇ ತಳ್ಳಿದರು. ಆ ಮನೆಯಲ್ಲಿ ನಾನು ಎಂದೂ ನೆಂಟನಾಗಿದ್ದಿಲ್ಲ.

ಸಂಜೆ ನೀರಿನ ತೊಟ್ಟಿಯ ಹತ್ತಿರ ಶಶಿ ನನ್ನನ್ನು ಹಿಡಿದು ನಿಲ್ಲಿಸಿದಳು. ಶಶಿಕಲಾ ಹನುಮಂತನ ಒಬ್ಬಳೇ ಮಗಳು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಕೆಲಸ. ಅಪ್ಪನನ್ನು ನೋಡಿಕೊಳ್ಳಲು ರಜೆ ಹಾಕಿ ಬಂದಿದ್ದಳು. "ಚಿಕ್ಕಪ್ಪ, ನೀವು ಹೇಳಿದ್ರೆ ಕೇಳ್ತಾರೆ. ಬ್ಯಾಡ ಅನ್ನಿ. ಬದುಕಿರೋರ ಮುಂದೆ ಸಾವಿನ ಪದ ಹಾಡೋದುಂಟಾ? ಕೂಗಿ ಕರೆದಂಗಾಗಲ್ವಾ?" ಕಣ್ಣು ತುಂಬಿಕೊಂಡಿತ್ತು. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಒಳಗೆ ಹೋಗಿ ಹನುಮಂತನ ಪಕ್ಕ ಕೂತೆ. "ಭಜನೆ ಬೇಕಾದ್ರೆ ಮಾಡೋಣ. ರಾಮನ ಪದ, ಕೃಷ್ಣನ ಪದ ಎಷ್ಟಿಲ್ಲ? ಸಾವಿನ ಪದ ಮಾತ್ರ ಬ್ಯಾಡ ಕಣೋ. ಮಗಳು ಹೆದರ್ಕೊಂಡವ್ಳೆ."

"ಮಗಳಾ, ನೀನಾ?"

ನಾನು ಅವನ ದಿಂಬು ಸರಿಪಡಿಸಿದೆ. ಅವನು ನಿಧಾನಕ್ಕೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದ. "ಗಂಗ, ಎಷ್ಟು ಮನೇಲಿ ಹೆಣದ ಪಕ್ಕ ಕೂತ್ಕೊಂಡು ಹಾಡಿದೀವಿ ನಾವು. ಹೆದರಬ್ಯಾಡ, ದಾರಿ ಗೊತ್ತಿರೋನೇ ನಿನ್ ಕೈ ಹಿಡ್ದವ್ನೆ ಅಂತ. ಸತ್ತೋರಿಗೆ ಕೇಳಿಸ್ತೋ ಇಲ್ವೋ, ಯಾರೂ ಎದ್ದು ಹೇಳ್ಲಿಲ್ಲ. ನಂಗೆ ಈಗ ಹೊರಡೋ ಹೊತ್ತು. ಆ ಮಾತು ನಿಜಾನಾ ಅಂತ ಕಿವಿ ಇರೋವಾಗ್ಲೇ ಕೇಳಿ ನೋಡ್ಬೇಕು. ಜೀವನ ಪೂರ್ತಿ ಹಾಡಿದ್ದು ಸುಳ್ಳಾದ್ರೆ ನಂಗೆ ಈಗ್ಲೇ ಗೊತ್ತಾಗ್ಬಿಡ್ಲಿ."

"ಸುಳ್ಳು ಅನ್ಸಿದ್ರೆ?"

"ಅನ್ಸಿದ್ರೆ ನಿನ್ನ ತಾಳ ತಪ್ಪಿತ್ತು ಅಂತೀನಿ" ಎಂದು ಕಣ್ಣು ಮುಚ್ಚಿಕೊಂಡ. ಬುದ್ಧಿ ಹೇಳಲು ಹೋದವನು ಬುದ್ಧಿ ಹೇಳಿಸಿಕೊಂಡು ಎದ್ದು ಬಂದೆ. ಶಶಿಗೆ ಮುಖ ತೋರಿಸಲು ನಾಚಿಕೆಯಾಯಿತು. ಅವಳು ಅವತ್ತು ರಾತ್ರಿ ಮುದ್ದೆ ಬಡಿಸುವಾಗ ತಟ್ಟೆಯನ್ನು ಠಣ್ಣನೆ ಇಟ್ಟು ಹೋದಳು.

ನಮ್ಮ ಕಡೆ ಭಜನೆ ಎಂದರೆ ಶನಿವಾರ ರಾತ್ರಿ, ರಾಮಮಂದಿರದಲ್ಲಿ. ಹಗಲು ಹೊತ್ತಿನಲ್ಲಿ ಮನೆಯೊಂದರಿಂದ ಭಜನೆ ಕೇಳಿಸಿತು ಎಂದರೆ ಆ ಮನೆಯಲ್ಲಿ ಹೆಣ ಇದೆ ಎಂದೇ ಅರ್ಥ. ಹನುಮಂತನಿಗೆ ಸಂಜೆಯಾದರೆ ನೋವು ಏರುತ್ತಿತ್ತು, ಹಗಲಿನಲ್ಲಿ ಮಾತ್ರೆಯ ಬಲದಲ್ಲಿ ಒಂದಷ್ಟು ಹೊತ್ತು ಕೂರಬಲ್ಲವನಾಗಿದ್ದ. ಅದಕ್ಕೇ ಮಾರನೆಯ ದಿನ ಬೆಳಗಿನ ತಿಂಡಿಯಾದ ಮೇಲೆ ಭಜನೆ ಎಂದು ಇಟ್ಟುಕೊಂಡೆವು. ನಮ್ಮ ಬೀದಿಯವರಿಗೆಲ್ಲ ವಿಷಯ ಗೊತ್ತಿತ್ತು. ಬೇರೆ ಹಳ್ಳಿಗಳಿಗೂ ಹೇಳಿ ಕಳಿಸಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅದರ ಮೇಲೆ, ಮಂಡಳಿಯ ಪದ್ಧತಿ ಎಂದು ಹೇಳಿ ಡೋಲಕ್ಕಿನವನು ಸ್ಪೀಕರ್ ಬೇರೆ ಕಟ್ಟಿಸಿದ್ದ.

ಹಾರ್ಮೋನಿಯಂ ಮುಂದೆ ದಿಂಬುಗಳ ನಡುವೆ ಹನುಮಂತನನ್ನು ಕೂರಿಸಿದೆವು. ಅವನಿಗೆ ತಿದಿ ಒತ್ತುವ ಶಕ್ತಿ ಇರಲಿಲ್ಲ, ಕಂಜಿರದವನು ಪಕ್ಕದಲ್ಲಿ ಕೂತು ಒತ್ತಿಕೊಟ್ಟ. ಮೊದಲ ಪದ ನಾನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಂಡೆ. ಹೆದರಬೇಡ ಎನ್ನುವಲ್ಲಿಗೆ ಬಂದು ಸಾಲನ್ನು ಅರ್ಧಕ್ಕೇ ಬಿಟ್ಟೆ. ನಾನೇ ಹೆದರಿ ಕೂತಿದ್ದೆ, ಇನ್ನೊಬ್ಬನಿಗೆ ಹೆದರಬೇಡ ಎಂದು ಹೇಗೆ ಹೇಳಲಿ? ಶಶಿ ಬಾಗಿಲಿಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹೇಗೋ ಎರಡು ಪದ ಎಳೆದೆವು. ಮನೆ ನಿಜವಾಗಿಯೂ ಸಾವಿನ ಮನೆಯಂತಾಗಿತ್ತು.

ಅಷ್ಟರಲ್ಲಿ ಬೀದಿಯ ತುದಿಯಿಂದ ಒಂದು ದನಿ ಎದ್ದಿತು. "ಅಯ್ಯೋ ನನ್ನಣ್ಣಾ... ಹಾಡೋ ಬಾಯಿ ಮುಚ್ಕೊಂಡ್ಯಲ್ಲೋ..." ಪಕ್ಕದ ಹಳ್ಳಿಯ ಐದಾರು ಹೆಂಗಸರು ಎದೆ ಬಡಿದುಕೊಂಡು ಬರುತ್ತಿದ್ದರು. ಅವರ ಹಿಂದೆ ಕೆಂಪಣ್ಣ, ಅದೇ ಹಳ್ಳಿಯ ಹೂವಿನ ತೋಟದವನು, ಮಾರಲು ಕಟ್ಟಿಟ್ಟಿದ್ದ ತೋಳುದ್ದದ ಸೇವಂತಿಗೆ ಹಾರ ಹಿಡಿದುಕೊಂಡು, ಊದುಬತ್ತಿಯ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ. ಹೊಲದಲ್ಲಿದ್ದವರಿಗೆ ಸ್ಪೀಕರ್ ಕೇಳಿಸಿದೆ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದಿದ್ದಾರೆ.

ಮುಂದೆ ಬಂದ ಹೆಂಗಸು ಅಳುತ್ತಲೇ ಹೊಸಿಲು ದಾಟಿ, ಅಳುತ್ತಲೇ ತಲೆ ಎತ್ತಿ, ಹಾರ್ಮೋನಿಯಂ ಮುಂದೆ ಕೂತು ಬಿಸಿನೀರು ಕುಡಿಯುತ್ತಿದ್ದ ಹನುಮಂತನನ್ನು ನೋಡಿದಳು. ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಯಾಕವ್ವ ನಿಲ್ಲಿಸ್ಬಿಟ್ಟೆ?" ಅಂದ ಹನುಮಂತ. "ಶ್ರುತಿ ಸರಿಯಾಗಿ ಸೇರಿತ್ತಲ್ಲ, ಹಾಡು."

ಮೊದಲು ಜಯಮ್ಮ ಅತ್ತಿಗೆ ಕಿಸಕ್ಕನೆ ನಕ್ಕರು. ಅಲ್ಲಿಗೆ ಕಟ್ಟೆ ಒಡೆಯಿತು. ಡೋಲಕ್ಕಿನವನು ನಗುತ್ತ ಡೋಲಕ್ಕಿನ ಮೇಲೇ ಬಿದ್ದ. ಅಳುತ್ತ ಬಂದ ಹೆಂಗಸು "ನಿನ್ ಮನೆ ಹಾಳಾಗ, ನನ್ ಜೀವಾನೇ ತೆಗೆದ್ಬಿಟ್ಯಲ್ಲೋ!" ಎಂದು ಬೈಯುತ್ತ ನಗುತ್ತ ಅಲ್ಲೇ ಕುಸಿದು ಕೂತಳು. ಕೆಂಪಣ್ಣ ಹಾರವನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದ. ಅಷ್ಟು ದೊಡ್ಡ ಹಾರ ಎಲ್ಲಿ ಅಡಗಬೇಕು?

"ಕೊಡಪ್ಪಾ ಕೆಂಪಣ್ಣ, ನಂದೇ ಅಲ್ವಾ ಅದು" ಎಂದು ಹನುಮಂತ ಕೈ ಚಾಚಿದ. "ಈ ಹಾರ ಹಾಕಿಸ್ಕೊಂಡೋರು ಯಾರೂ ವಾಸನೆ ನೋಡ್ಲಿಲ್ಲ. ನಾನು ನೋಡ್ತೀನಿ." ಹಾರ ಕೊರಳಿಗೆ ಬಿತ್ತು. ಮೂಗು ಹೂವಿಗೆ ಒತ್ತಿ ಚೆನ್ನಾಗಿ ಉಸಿರೆಳೆದುಕೊಂಡ. ಮುಖ ಅರಳಿತು. ಆಮೇಲೆ ಅದರಿಂದ ಒಂದು ಹಳದಿ ಸೇವಂತಿಗೆ ಕಿತ್ತು ಜಯಮ್ಮ ಅತ್ತಿಗೆಯ ಕಡೆ ಹಿಡಿದ. ಹೆಂಗಸರೆಲ್ಲ ಹಿಂದೆ ಸರಿದರು. ಹೆಣಕ್ಕೆಂದು ತಂದ ಹೂವನ್ನು ಯಾರು ಮುಡಿಯುತ್ತಾರೆ? ಅತ್ತಿಗೆ ಎದ್ದು ಬಂದು, ತಿರುಗಿ ಕೂತು, ಜಡೆಯನ್ನು ಅವನ ಕಡೆಗೆ ಕೊಟ್ಟರು. ಅವನು ಮುಡಿಸಿದ. ಎರಡು ಸಲ ಹೂ ಬಿತ್ತು, ಮೂರನೆಯ ಸಲ ನಿಂತಿತು. ನನಗೆ ಎದೆ ತುಂಬಿ ಬಂತು, ಆದರೆ ಅದು ದುಃಖ ಮಾತ್ರ ಆಗಿರಲಿಲ್ಲ. ಅವರಿಬ್ಬರ ಮದುವೆಯಲ್ಲಿ ಕೂಡ ನಾನು ಇಷ್ಟು ಸಂತೋಷಪಟ್ಟಿರಲಿಲ್ಲ.

ಆಮೇಲೆ ಹಾಡಿದ್ದೇ ಹಾಡು. ಬಂದವರೆಲ್ಲ ಕೂತರು, ಗೊತ್ತಿದ್ದವರು ದನಿಗೂಡಿಸಿದರು. ಹೆದರಬೇಡ ಎನ್ನುವ ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡೆ. ಈ ಸಲ ಸಾಲು ಪೂರ್ತಿ ಹಾಡಿದೆ. ಹನುಮಂತ ಬೆರಳು ನಿಲ್ಲಿಸಿ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿಕೊಂಡು ಕೇಳಿದ. ಅದು ಮುಗಿದ ಮೇಲೂ ಕಣ್ಣು ಬಿಡಲಿಲ್ಲ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ.

ಕಣ್ಣು ಬಿಟ್ಟ. "ಗಂಗ, ನಾವು ಸುಳ್ಳು ಹಾಡಿಲ್ಲ ಕಣ್ಲಾ" ಅಂದ. "ಕೈ ಹಿಡ್ದವ್ನೆ. ಬೆಚ್ಚಗೈತೆ."

ಅರ್ಧಂಬರ್ಧ ನಂಬಿಕೆಯವನಾದ ನಾನು ತಾಳ ಕೆಳಗಿಟ್ಟು ಅವನ ಇನ್ನೊಂದು ಕೈ ಹಿಡಿದುಕೊಂಡೆ.

ಭಜನೆ ಮುಗಿಸುವುದು ಮಂಗಳದಿಂದ. ನಾನು ತಾಳ ಎತ್ತಿದೆ. ಹನುಮಂತ ಅಂಗೈಯನ್ನು ತಾಳದ ಮೇಲಿಟ್ಟು ತಡೆದ. "ಮಂಗಳ ಬ್ಯಾಡ. ಅದು ಅವತ್ತಿಗಿರ್ಲಿ. ಇವತ್ತು ಇನ್ನೂ ನಡೀತಾ ಐತೆ." ಮಂಗಳವಿಲ್ಲದೆ ಭಜನೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಬಂದವರು ನೀರು ಕೂಡ ಮುಟ್ಟದೆ ಹೋಗುತ್ತಾರೆ. ಆ ದಿನ ಎರಡು ಒಲೆ ಉರಿದವು. ಅಳುತ್ತ ಬಂದವರೇ ಸೆರಗು ಸಿಕ್ಕಿಸಿ ಮುದ್ದೆ ಕಟ್ಟಿದರು. ಹಿತಕಿದ ಬೇಳೆ ಸಾರು ಕೆಂಪಣ್ಣನಿಗೆ ಎಷ್ಟು ಹಿಡಿಸಿತೆಂದರೆ, ಮೂರನೆಯ ಮುದ್ದೆಗೆ ಕೈ ಚಾಚುತ್ತ, "ಹನುಮಂತಣ್ಣ, ಇನ್ನೊಂದ್ಸಲ ಹಿಂಗೇ ಮಾಡು ಗುರು" ಅಂದ. ಹನುಮಂತ ಎರಡು ಚಮಚ ಗಂಜಿ ಕುಡಿದು, ಹಾರ ತೆಗೆಯಲು ಒಪ್ಪದೆ, ಹಾಗೆಯೇ ಮಲಗಿದ. ನಾನು ಹೊರಡುವಾಗ ಎಚ್ಚರವಿದ್ದ. ನನ್ನ ಕೈ ಹಿಡಿದು, "ಖುಷಿಯಾಯ್ತು ಕಣೋ" ಅಂದ. "ನಂಗೂ" ಅಂದೆ.

ಶಶಿ ಬಸ್ಸು ಹತ್ತಿಸಲು ನನ್ನೊಂದಿಗೆ ರಸ್ತೆಯವರೆಗೂ ಬಂದಳು. ಅರಳಿಕಟ್ಟೆಯ ಮೇಲೆ ಕೂತೆವು. ಅವಳು "ಚಿಕ್ಕಪ್ಪ, ಆ ಮಂಗಳ ನಂಗೆ ಹೇಳ್ಕೊಡಿ" ಅಂದಳು.

ನಾನು ಅವಳ ಮುಖ ನೋಡಿದೆ.

"ಅವತ್ತು ನೀವು ನೆಲಮಂಗಲದಿಂದ ಬರೋದ್ರಲ್ಲಿ ತಡ ಆದ್ರೆ? ಅಪ್ಪ ಕಾಯ್ತಾ ಇರೋದು ಬ್ಯಾಡ. ನಾನೇ ಹಾಡ್ತೀನಿ."

ನಮ್ಮೂರ ಮಂಗಳ ಮೂರೇ ಸಾಲು. ಯಾರು ಕಟ್ಟಿದರೋ ಗೊತ್ತಿಲ್ಲ. "ತಂದು ಇಳಿಸಿದವನಿಗೆ ಮಂಗಳ, ಕರೆದು ಒಯ್ಯುವವನಿಗೆ ಮಂಗಳ, ನಡುವೆ ಉಂಡ ತುತ್ತಿಗೆ ಮಂಗಳ." ಸಾಲು ಸಾಲಾಗಿ ಹೇಳಿಕೊಟ್ಟೆ. ಅವಳು ತೊಡೆಯ ಮೇಲೆ ತಾಳ ಹಾಕಿಕೊಂಡು ಹೇಳಿದಳು. ಮೂರನೆಯ ಸಾಲಿನಲ್ಲಿ ದನಿ ಒಡೆಯುತ್ತಿತ್ತು, ತಾಳ ಜಾರುತ್ತಿತ್ತು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು "ಬರ್ತೀರಾ ಯಜಮಾನ್ರೇ?" ಎಂದು ಕೂಗಿದ.

"ಇನ್ನೊಂದ್ಸಲ, ಚಿಕ್ಕಪ್ಪ" ಅಂದಳು ಶಶಿ.

ಹೋಗಿ ಎಂದು ಕಂಡಕ್ಟರಿಗೆ ಕೈ ಬೀಸಿದೆ. ಮುಂದಿನ ಬಸ್ಸಿಗೆ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಇಬ್ಬರೂ ಆ ಕಟ್ಟೆಯ ಮೇಲೆ ಕೂತು, ದಾರಿಹೋಕರು ನಿಂತು ನೋಡುತ್ತಿದ್ದರೂ ಬಿಡದೆ, ಮತ್ತೆ ಮತ್ತೆ ಹಾಡಿದೆವು. ನನಗೆ ಬಸ್ಸು ಸಿಕ್ಕಿದಾಗ ಬಿಸಿಲು ಇಳಿದಿತ್ತು. ಹಿಂದಿನ ಸೀಟಿನಲ್ಲಿ ಕೂತು ಗಾಜಿನಿಂದ ನೋಡಿದೆ. ಶಶಿ ಮನೆಯ ಕಡೆಗೆ ನಡೆದು ಹೋಗುತ್ತಿದ್ದಳು. ಮುಖ ಕಾಣಿಸಲಿಲ್ಲ. ಬಲಗೈ ಮಾತ್ರ ಸೊಂಟದ ಪಕ್ಕದಲ್ಲಿ ತಾಳ ಹಾಕುತ್ತಿತ್ತು. ರಸ್ತೆ ತಿರುಗುವವರೆಗೂ ಎಣಿಸಿದೆ, ಒಂದು ಪೆಟ್ಟೂ ತಪ್ಪಲಿಲ್ಲ.