ಶುಕ್ರವಾರದ ಮ್ಯಾಟಿನಿ ಮತ್ತು ನನ್ನ ಸಾಕ್ಷಿ

ಸಿನಿಮಾ ನೋಡಿ ಅಳುವವರನ್ನು ಕಂಡು ನಗುವ ಜನರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. "ಅವರು ಗ್ಲಿಸರಿನ್ ಹಾಕಿಕೊಂಡು ಅಳುತ್ತಾರೆ, ನೀನ್ಯಾಕೆ ನಿಜವಾಗಿ ಮೂಗು ಒರೆಸಿಕೊಳ್ಳುತ್ತೀ?" ಎಂದು ನನ್ನ ಗಂಡನೂ ಕೇಳಿದ್ದುಂಟು. ಗ್ಲಿಸರಿನ್ ಅವರದೇ ಇರಲಿ. ಕಣ್ಣೀರು ನನ್ನದು. ಅದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಆದರೆ ನಾನು ಬೆಳೆದ ಕಡೆ ಅಳುವುದಕ್ಕೂ ಅಪ್ಪಣೆ ಬೇಕಿತ್ತು. ಬೀದರ್ ಕಡೆಯ ಹಳ್ಳಿಗಳಿಂದ ತೆಲುಗು ನಾಡಿನ ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳಿಗೆ ದುಡಿಯಲು ಬಂದ ಕ್ರೈಸ್ತ ಕುಟುಂಬಗಳು ಸೇರಿ ಕಟ್ಟಿಕೊಂಡ ಸಣ್ಣ ಕನ್ನಡ ಸಭೆ ನಮ್ಮದು. ತಗಡಿನ ಶೆಡ್ಡು, ಪ್ಲಾಸ್ಟಿಕ್ ಕುರ್ಚಿ, ಕಿವಿ ಹರಿಯುವಂಥ ಮೈಕು. ಅಲ್ಲಿ ಎಷ್ಟು ಬೇಕಾದರೂ ಅಳಬಹುದಿತ್ತು. ಉಪವಾಸ ಪ್ರಾರ್ಥನೆಯಲ್ಲಿ ದೀಪ ಆರಿಸಿ, ಬಾಗಿಲು ಹಾಕಿ, ಎದೆ ಬಡಿದುಕೊಂಡು ಅತ್ತರೆ ಪವಿತ್ರಾತ್ಮ ಇಳಿದ ಎನ್ನುತ್ತಿದ್ದರು. ಶುಭ ಶುಕ್ರವಾರದ ಹಿಂದಿನ ದಿನ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಯೇಸುವಿನ ಶ್ರಮೆಯ ಸಿನಿಮಾ ತೋರಿಸುತ್ತಿದ್ದರು. ಚಾವಟಿ ಏಟು ಬೀಳುವಾಗ ಇಡೀ ಸಭೆ ಗೊಳೋ ಎನ್ನುತ್ತಿತ್ತು. ಅಲ್ಲಿಯೂ ಒಬ್ಬ ನಟ ಬಣ್ಣ ಹಚ್ಚಿಕೊಂಡೇ ಏಟು ತಿನ್ನುತ್ತಿದ್ದ. ಅವನನ್ನು ನೋಡಿ ಅತ್ತರೆ ಭಕ್ತಿ. ಅದೇ ಬೀದಿಯ ಕೊನೆಯಲ್ಲಿದ್ದ ಟಾಕೀಸಿನಲ್ಲಿ ಕೂತು ಅತ್ತರೆ ಸೈತಾನನ ಕೆಲಸ.

ನನಗೆ ಹತ್ತೊಂಬತ್ತು ವರ್ಷ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ. ಆ ದಿನಗಳಲ್ಲಿ ಮಾಂಸ ಬಿಡಬೇಕು, ಹೂವು ಮುಡಿಯಬಾರದು, ಸಿನಿಮಾದ ಪೋಸ್ಟರನ್ನೂ ನೋಡಬಾರದು. ನಾನು ಪೋಸ್ಟರ್ ನೋಡಿದ್ದಷ್ಟೇ ಅಲ್ಲ, ಮ್ಯಾಟಿನಿಗೂ ಹೋದೆ. ಹೊರಗೆ ಬರುವಾಗ ಸಭೆಯ ಒಬ್ಬ ಹಿರಿಯರ ಕಣ್ಣಿಗೆ ಬಿದ್ದೆ. ಅವರು ಎದುರಿನ ಹೋಟೆಲಿನಲ್ಲಿ ಏನು ತಿನ್ನುತ್ತಿದ್ದರು ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಭಾನುವಾರ ಅಪ್ಪ ಒಂದು ಹಾಳೆ ಕೊಟ್ಟ. ಅವನ ಕೈಬರಹದಲ್ಲಿ ನನ್ನ ಕ್ಷಮಾಪಣೆ ಸಿದ್ಧವಾಗಿತ್ತು. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಅಡ್ಡ ಬರುವವರು ಮನೆಯಲ್ಲಿ ಯಾರೂ ಇರಲಿಲ್ಲ. ನೂರು ಜನರ ಮುಂದೆ ನಿಂತು ಓದಿದೆ. "ನಾನು ನನ್ನ ತಂದೆಯ ಮುಖಕ್ಕೆ ಮಸಿ ಬಳಿದೆ" ಎಂಬ ಸಾಲು ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ತಲೆ ಆಡಿಸಿದ. ಆ ತಲೆ ಆಡಿಸಿದ್ದನ್ನು ನಾನು ಮರೆಯಲಿಲ್ಲ.

ಆ ತಿಂಗಳೇ ಮನೆ ಬಿಟ್ಟೆ. ನಗರದೊಳಗೆ ಮೆಹದಿಪಟ್ಟಣಂನ ಒಂದು ಹುಡುಗಿಯರ ಹಾಸ್ಟೆಲು, ಅಲ್ಲೇ ಹತ್ತಿರ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು ಕಲಿತೆ. ಮುಂದೆ ಮದುವೆಯಾಗಿ ನಗರದ ಇನ್ನೊಂದು ತುದಿಯ ಕುಷಾಯಿಗೂಡಕ್ಕೆ ಹೋದರೂ ಆ ಕೆಲಸ ಬಿಡಲಿಲ್ಲ. ಮದುವೆಗೆ ಅಪ್ಪನನ್ನು ಕರೆಯಲಿಲ್ಲ. ಒಟ್ಟು ಹನ್ನೊಂದು ವರ್ಷ ನಾನು ಅವನ ಮುಖ ನೋಡಲಿಲ್ಲ. ಅವನೂ ಬರಲಿಲ್ಲ. ಹಟದಲ್ಲಿ ನಾನು ಅವನ ಮಗಳೇ.

ಅಂಗಡಿಯ ಮಾಲೀಕರು ಮುಸಲ್ಮಾನರು. ಶುಕ್ರವಾರ ನಮಾಜಿಗೆ ಹೋಗುವ ಮೊದಲು ಶಟರ್ ಎಳೆದರೆ ಅವತ್ತಿಗೆ ಅಂಗಡಿ ಮುಗಿಯಿತು. ನನಗೆ ಅರ್ಧ ದಿನ ರಜೆ, ಅದೂ ಹೊಸ ಸಿನಿಮಾ ಬಿಡುಗಡೆಯಾಗುವ ದಿನ. ವಾರವಿಡೀ ಕಾದು ಆ ಕತ್ತಲೆಗೆ ಹೋಗಿ ಕೂರುತ್ತಿದ್ದೆ. ಅತ್ತರೂ ಯಾರೂ ತಿರುಗಿ ನೋಡುತ್ತಿರಲಿಲ್ಲ, ಸಭೆಯಲ್ಲಿ ಕೂಗುವ ಹಾಗೆ ಯಾರೂ "ಸ್ತೋತ್ರ" ಎನ್ನುತ್ತಿರಲಿಲ್ಲ. ನಾನು ಪ್ರಾರ್ಥನೆ ಬಿಟ್ಟವಳಲ್ಲ. ದಿನಾ ಮಾಡುತ್ತೇನೆ. ಆದರೆ ನನ್ನ ಎದೆಯಲ್ಲಿ ಏನು ಕೂತಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದು ಎಷ್ಟೋ ಸಲ ಟಾಕೀಸಿನಲ್ಲಿ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಅಂಥದೊಂದು ಶುಕ್ರವಾರ ಒಂದು ತೆಲುಗು ಸಿನಿಮಾ ನೋಡಿದೆ. ಸಿನಿಮಾ ಏನೂ ದೊಡ್ಡದಲ್ಲ. ಹೀರೋ ಒಂದೇ ಏಟಿಗೆ ಇಪ್ಪತ್ತು ಜನರನ್ನು ಗಾಳಿಗೆ ಹಾರಿಸುತ್ತಾನೆ, ನಡುವೆ ಸುಮ್ಮಸುಮ್ಮನೆ ಹಾಡು. ಆದರೆ ಇಂಟರ್‌ವಲ್ ಆದ ಮೇಲೆ ಒಂದು ಚಿಕ್ಕ ದೃಶ್ಯ ಬಂತು. ಹೀರೋಯಿನ್ನಿನ ಅಪ್ಪ, ಮುದುಕ, ಮಗಳು ಮನೆ ಬಿಟ್ಟು ಹೋಗುವಾಗ ಬಿಟ್ಟಿದ್ದ ಹಳೇ ಚಪ್ಪಲಿಯ ಕಿತ್ತುಹೋದ ಉಂಗುಟವನ್ನು ಕೂತು ಹೊಲಿಯುತ್ತಾನೆ. ಹೊಲಿದು ಬಾಗಿಲ ಹತ್ತಿರ ಜೋಡಿಸಿಡುತ್ತಾನೆ. ಅಷ್ಟೇ. ಅವಳು ಆ ದೃಶ್ಯದಲ್ಲಿ ಬರುವುದೇ ಇಲ್ಲ. ಮಾತಿಲ್ಲ, ಕಥೆ ಮುಂದಕ್ಕೆ ಹೋಗುತ್ತದೆ. ನಾನು ಹೋಗಲಿಲ್ಲ. ದುಪಟ್ಟಾ ಬಾಯಿಗೆ ತುರುಕಿಕೊಂಡು ಸಿನಿಮಾ ಮುಗಿಯುವ ತನಕ ಅತ್ತೆ. ನನ್ನ ಅಪ್ಪ ಚಪ್ಪಲಿ ಹೊಲಿಯುವವನಲ್ಲ, ಕ್ಷಮಾಪಣೆ ಬರೆದುಕೊಡುವವನು ಎಂದು ನೆನಪಾಗಿ ಸಿಟ್ಟಿನಿಂದಲೂ ಅತ್ತೆ. ಹೊರಗೆ ಬಂದು ಕುಷಾಯಿಗೂಡದ ಕಡೆಯ ಬಸ್ಸು ಬಿಟ್ಟು ಪಟಾನ್‌ಚೆರುವಿನ ಬಸ್ಸು ಹತ್ತಿದೆ.

ಬಾಗಿಲು ತೆಗೆದ ಅಪ್ಪ ಸಣ್ಣಗಾಗಿದ್ದ. ಕಾರ್ಖಾನೆಯ ಹೊಗೆ ಎದೆಗೆ ಇಳಿದು ಮಾತಿಗೊಮ್ಮೆ ಕೆಮ್ಮುತ್ತಿದ್ದ. ನನ್ನನ್ನು ನೋಡಿ ಸ್ವಲ್ಪ ಹೊತ್ತು ಚಿಲಕ ಹಿಡಿದುಕೊಂಡೇ ನಿಂತ.

"ಉಂಡಿಯೇನವ್ವ?" ಎಂದ.

"ಇಲ್ಲ."

"ಹಂಗಾದ್ರ ಒಳಗ ಬಾ. ಅನ್ನ ಐತಿ."

ಅವನು ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅನ್ನ, ಪುಂಡಿಪಲ್ಯ ಉಂಡೆವು. ಹೊರಡುವಾಗ, "ಐತವಾರ ಸಭೆಗೆ ಬರ್ತಿಯೇನು?" ಎಂದ. ಹೂಂ ಎಂದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು.

ನಮ್ಮಲ್ಲಿ ಪ್ರಸಂಗಕ್ಕೆ, ಅಂದರೆ ಪಾಸ್ಟರರ ಉಪದೇಶಕ್ಕೆ, ಮೊದಲು ಸಾಕ್ಷಿಯ ಹೊತ್ತು ಎಂದಿರುತ್ತದೆ. ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ನಿಂತು ಹೇಳಬೇಕು. ಈಗ ಬೇರೆ ಪಾಸ್ಟರ್ ಇದ್ದರು, ವಯಸ್ಸು ಚಿಕ್ಕದು, ಗಂಟಲು ದೊಡ್ಡದು. ಅವರು ನನ್ನನ್ನು ಎಬ್ಬಿಸಿದರು. "ಭಾಳ ವರ್ಷದ ಮ್ಯಾಲೆ ತಂದಿ ಮನಿಗೆ ಬಂದಾಳ. ತಂಗಿ ಸಾಕ್ಷಿ ಹೇಳಲಿ."

ಮೈಕು ಕೈಗೆ ಬಂತು. ನಿಜವನ್ನೇ ಹೇಳಬೇಕೆಂದು ಎದ್ದಿದ್ದೆ. "ಶುಕ್ರವಾರ ಮಧ್ಯಾಹ್ನ ಕತ್ತಲಾಗ ಕುಂತಿದ್ದೆ. ಅಲ್ಲೆ ನನ್ನ ಮನಸ್ಸು ಒಡೀತು. ಭಾಳ ಅತ್ತೆ. ಎದ್ದವಳು ಸೀದಾ ಅಪ್ಪನ ಕಡೆ ಬಂದೆ..."

ಟಾಕೀಸು ಎಂಬ ಮಾತು ಬಾಯಿಗೆ ಬರುವ ಮೊದಲೇ ಸಭೆಯೆಲ್ಲ "ಸ್ತೋತ್ರ! ಹಲ್ಲೆಲೂಯ!" ಎಂದು ಎದ್ದು ನಿಂತಿತು. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಜನಕ್ಕೆ ಶುಕ್ರವಾರ ಮಧ್ಯಾಹ್ನವೆಂದರೆ ಉಪವಾಸ ಪ್ರಾರ್ಥನೆ. ದೀಪ ಆರಿಸಿದ ಕತ್ತಲೆ, ಅಳು, ಮನಸ್ಸು ಒಡೆಯುವುದು, ಎಲ್ಲವೂ ಅದರದ್ದೇ. ಬೇರೆ ಕತ್ತಲೆಯೂ ಇದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಪಾಸ್ಟರ್ ನನ್ನ ಕೈಯಿಂದ ಮೈಕು ತೆಗೆದುಕೊಂಡು, "ಅದs ಶುಕ್ರವಾರ, ಅದs ಹೊತ್ತಿಗೆ ನಾವಿಲ್ಲಿ ಒಡೆದ ಕುಟುಂಬಗಳ ಸಲುವಾಗಿ ಪ್ರಾರ್ಥನೆ ಮಾಡಾಕತ್ತಿದ್ದಿವಿ!" ಎಂದು ಕೂಗಿದರು. ಕೀಬೋರ್ಡ್ ಶುರುವಾಯಿತು. ಅಪ್ಪ ಕೈ ಮೇಲೆತ್ತಿ ಕಣ್ಣು ಮುಚ್ಚಿದ್ದ. ನಾನು ಕುರ್ಚಿಗೆ ಕುಸಿದೆ.

ಆ ಸುಳ್ಳು ಬೆಳೆದ ಪರಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎರಡನೇ ತಿಂಗಳಿಗೆ ಪಾಸ್ಟರ್ ಅದನ್ನು ಪ್ರಸಂಗದಲ್ಲಿ ತಂದರು. ತಂದೆತಾಯಿಯನ್ನು ಗೌರವಿಸಬೇಕೆಂಬ ದೇವರ ಆಜ್ಞೆಯ ಬಗ್ಗೆ ತಾವು ಮೊಬೈಲಿನಲ್ಲಿ ಕಳಿಸಿದ ಧ್ವನಿ ಸಂದೇಶ ಯಾರಿಂದಲೋ ನನಗೆ ತಲುಪಿತಂತೆ. ನಾನು ಅದನ್ನು ಕತ್ತಲಲ್ಲಿ ಕೂತು ಕೇಳಿದೆನಂತೆ. ಕೇಳಿ ನಡುಗಿದೆನಂತೆ! ಆ ಮನುಷ್ಯನ ಧ್ವನಿ ಕೇಳಿದರೆ ನಾನು ಫೋನನ್ನೇ ಆಫ್ ಮಾಡುತ್ತಿದ್ದೆ. ಬೇರೆ ಊರಿನ ಕೂಟಗಳಲ್ಲೂ ನನ್ನ ಕಥೆ ಹೇಳಿಕೊಂಡು ಬಂದರು. ಭಾನುವಾರ ಬಾಗಿಲಲ್ಲಿ ಕೈ ಕುಲುಕುವಾಗ ಅಪ್ಪನ ಎದುರಿಗೇ, "ಬಂದಿಯಲ್ಲ, ಛಲೋ ಆತು. ಆಜ್ಞೆ ಮರೀಬ್ಯಾಡ ತಂಗಿ" ಎನ್ನುತ್ತಿದ್ದರು. ಶಾಲೆಯಲ್ಲಿ ಹಾಜರಿ ಹಾಕಿದ ಹಾಗೆ.

ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಅಪ್ಪ ಹನ್ನೊಂದು ವರ್ಷದ ಮೇಲೆ ಸಭೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ, ಅದನ್ನು ಯಾಕೆ ಕೆಡಿಸಲಿ ಎಂದುಕೊಂಡೆ. ಇದು ಅರ್ಧ ನಿಜ. ಇನ್ನರ್ಧ ಹೆದರಿಕೆ. ಮತ್ತೊಂದು ಹಾಳೆ ಕೈಗೆ ಬಂದರೆ ಎಂಬ ಹೆದರಿಕೆ. ಮೂವತ್ತು ದಾಟಿದ ಹೆಂಗಸಿಗೆ ಇಂಥ ಹೆದರಿಕೆಯೇ ಎಂದು ನನ್ನ ಮೇಲೆಯೇ ರೇಗಿಕೊಂಡು ಎರಡು ಬಸ್ಸು ಬದಲಿಸಿ ಮನೆಗೆ ಹೋಗುತ್ತಿದ್ದೆ. ಆದರೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಅಪ್ಪನ ತಲೆಗೆ ಎಣ್ಣೆ ಹಚ್ಚುವುದು, ಅವನ ಕೆಮ್ಮಿನ ಮಾತ್ರೆ ನೋಡುವುದು, ಅವನ ಕನ್ನಡಕ ಸರಿಮಾಡುವುದು, ಇದೆಲ್ಲ ನನಗೆ ಬೇಕಾಗಿತ್ತು. ಹೊರಡುವಾಗ ಅಪ್ಪ ಪ್ರತಿ ಸಲ, "ಪಾಸ್ಟರ್‌ಗೆ ಹೇಳಿ ಹೋಗವ್ವ" ಎನ್ನುತ್ತಿದ್ದ. ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಮಗಳಿಗಿಂತ ಆ ಗಂಟಲೇ ಹೆಚ್ಚಾಯಿತೇ ಇವನಿಗೆ ಎಂದುಕೊಳ್ಳುತ್ತಿದ್ದೆ.

ಹೀಗೆ ಎರಡು ವರ್ಷ ಕಳೆಯಿತು. ನಮ್ಮ ಪಾಸ್ಟರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ಈ ಸಲ ಬೇಸಿಗೆಯ ಹೊತ್ತಿಗೆ ಇವರನ್ನು ಬೇರೆ ಊರಿಗೆ ಕಳಿಸುತ್ತಾರೆಂದು ಸುದ್ದಿ ಬಂತು. ನಾನು ಮನಸ್ಸಿನಲ್ಲೇ ಹಲ್ಲೆಲೂಯ ಎಂದೆ. ಮುಂದಿನ ಭಾನುವಾರ ಸಭೆ ಮುಗಿದ ಮೇಲೆ ಅಪ್ಪ ಕಾಣಲಿಲ್ಲ. ಹುಡುಕಿದರೆ ಎದುರಿನ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ತುಟಿ ನೀಲಿಯಾಗಿತ್ತು. ಕೈಯಲ್ಲಿ ಒಂದು ಅರ್ಜಿ. ಈ ಪಾಸ್ಟರನ್ನೇ ನಮ್ಮಲ್ಲಿ ಉಳಿಸಬೇಕೆಂದು ಮನೆಮನೆಗೆ ಹತ್ತಿಳಿದು ಸಹಿ ಹಾಕಿಸುತ್ತಿದ್ದ. ಡಾಕ್ಟರು ಮೆಟ್ಟಿಲು ಹತ್ತಲೇಬಾರದು ಎಂದಿದ್ದರು.

ಅವನನ್ನು ಹಿಡಿದುಕೊಂಡು ಮನೆಗೆ ಕರೆತಂದು, ನೀರು ಕುಡಿಸಿ, ಉಸಿರು ಒಂದು ಹದಕ್ಕೆ ಬರುವ ತನಕ ಕಾದೆ. ಆಮೇಲೆ ನನ್ನಿಂದ ಆಗಲಿಲ್ಲ.

"ಅಪ್ಪಾ, ಸಾಯಬೇಕಂತ ಮಾಡೀಯೇನು ಆ ಮನಷ್ಯಾನ ಸಲುವಾಗಿ?"

"ಹಂಗ ಅನಬ್ಯಾಡ. ಅವರಿಂದs ನೀ ಬಂದಿ."

"ಅವರಿಂದ ಬಂದಿಲ್ಲ ನಾ!" ಕೂಗಿದೆ. ಪಕ್ಕದ ಮನೆಯವರು ಟೀವಿ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು. ಕೇಳಲಿ ಎಂದೇ ಇನ್ನೂ ಜೋರಾಗಿ ಹೇಳಿದೆ. "ಅವತ್ತು ನಾ ಯಾವ ಪ್ರಾರ್ಥನೆಗೂ ಹೋಗಿರಲಿಲ್ಲ. ಸಿನಿಮಾಕ್ಕ ಹೋಗಿದ್ದೆ. ಸಿನಿಮಾಕ್ಕ, ಅಪ್ಪಾ! ಅದರಾಗೊಬ್ಬ ಮುದುಕನ್ನ ನೋಡಿ ಅತ್ತೆ. ನಿನ್ನ ನೋಡಬೇಕನಿಸ್ತು, ಬಸ್ ಹತ್ತಿದೆ. ನಿನ್ನ ಪಾಸ್ಟರ್ ಹೇಳೂದೆಲ್ಲ ಸುಳ್ಳು. ಒಂದ ಮಾತೂ ನಿಜ ಇಲ್ಲ. ನಾ ನಡುಗಿಲ್ಲ, ಯಾವ ಆಜ್ಞೆನೂ ಕೇಳಿಲ್ಲ."

ಅಪ್ಪನಿಗೆ ಸಿಟ್ಟು ಬರುತ್ತದೆ ಎಂದು ಕಾದೆ. ಬಂದಿದ್ದರೆ ಒಳ್ಳೆಯದಿತ್ತು. ಹತ್ತೊಂಬತ್ತರಲ್ಲಿ ಆಡದ ಮಾತುಗಳನ್ನೆಲ್ಲ ಅವತ್ತು ಆಡಿಯೇ ಬಿಡುತ್ತಿದ್ದೆ. ನಾಲಿಗೆಯ ತುದಿಗೆ ಬಂದಿದ್ದವು. ಅವನು ಅರ್ಜಿಯನ್ನು ಮಡಚಿ ಮಂಚದ ಮೇಲಿಟ್ಟ.

"ಅಂದ್ರ ನಿನ್ನ ಯಾರೂ ಕಳಿಸಿರಲಿಲ್ಲ?"

"ಯಾರೂ ಕಳಿಸಿಲ್ಲ."

"ನೀನs ಬಂದಿ?"

"ನಾನs ಬಂದೆ."

"ವಾರ ವಾರ ಬರ್ತಿಯಲ್ಲ, ಅದೂ?"

"ಅದೂ."

ಅವನು ಕೆಮ್ಮಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ. "ದೇವರ ಆಜ್ಞೆಗೆ ಅಂಜಿ ಬರ್ತಿ ಅಂತ ತಿಳಕೊಂಡಿದ್ದೆ. ಪಾಸ್ಟರ್ ವಾರ ವಾರ ನೆನಪ ಮಾಡಿ ಕೊಡ್ತಾರ, ಅದಕ್ಕ ಬರ್ತಿ ಅಂತ. ಅವರು ಊರು ಬಿಟ್ಟ ಹೋದ್ರ ನೀ ಬರೂದೂ ನಿಲ್ಲತೈತಿ ಅಂತ ಮಾಡಿದ್ನವ್ವ."

ಸಿನಿಮಾದಲ್ಲಾಗಿದ್ದರೆ ಇಂಥಲ್ಲಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವತ್ತು ಒಂದು ಹನಿ ಬರಲಿಲ್ಲ. ಕೋಪ ಒಂದೇ ಬಂತು. ಪಾಸ್ಟರ್ ಹೇಳಿದ್ದು ಸುಳ್ಳೇ ಹೌದು. ಆದರೆ ಅವರ ಸುಳ್ಳಿಗೆ ಪ್ರತಿ ಭಾನುವಾರ ತಲೆ ತಗ್ಗಿಸಿ ಕೂತವಳು ನಾನು. ನಾನು ಎಣ್ಣೆ ಹಚ್ಚುವಾಗ ಈ ಮುದುಕ ಕಣ್ಣು ಮುಚ್ಚಿಕೊಂಡು, ಇದು ಎಷ್ಟು ದಿನವೋ ಎಂದು ಲೆಕ್ಕ ಹಾಕುತ್ತಿದ್ದ. ನಾನು ಅವನನ್ನು ನೋಡಬೇಕೆನಿಸಿ ಬಂದವಳು ಎಂಬ ಒಂದು ಮಾತು ಅವನಿಗೆ ಸಿಕ್ಕಿರಲಿಲ್ಲ. ಅದನ್ನು ಕೊಡಬೇಕಾದವಳು ಎದುರಿಗೇ ಕೂತು ಮಾತ್ರೆಗಳನ್ನು ಎಣಿಸಿ ಕೊಡುತ್ತಿದ್ದಳು.

"ಎರಡು ವರ್ಷ ಯಾಕ ಬಾಯಿ ಬಿಡಲಿಲ್ಲ ನೀ?" ಎಂದು ಅಪ್ಪ ಕೇಳಿದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮಂಚದ ಮೇಲಿದ್ದ ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಎಣ್ಣೆಯ ಶೀಸೆ ತಂದು ಅವನ ಬೆನ್ನ ಹಿಂದೆ ಕೂತೆ.