ಸಂಪಿಗೆ ಪಡೆ ಬಂದ ದಾರಿ

ಹಾವು ಕಚ್ಚಬಹುದಿತ್ತು. ಚೇಳು ಕುಟುಕಬಹುದಿತ್ತು. ಮಳೆ ಬರಬಹುದಿತ್ತು, ಬರದಿದ್ದರೆ ಬಿಸಿಲಿಗೆ ಯಾವಳಾದರೂ ತಲೆಸುತ್ತಿ ಬೀಳಬಹುದಿತ್ತು. ಬುತ್ತಿಯ ಮೊಸರನ್ನ ಹುಳಿಯಾಗಿ ಇಡೀ ದಳದ ಹೊಟ್ಟೆ ಕೆಡಬಹುದಿತ್ತು. ಹೊಸ ಬೂಟು ಕಚ್ಚಿ, ಕಾಲು ಕುಂಟಿ, ಕುಂಟಿದ್ದರಿಂದ ಓಡಲಾರದೆ, ಹೊಲದ ಹೋರಿಯ ಕೈಗೆ ಸಿಕ್ಕಬಹುದಿತ್ತು. ಇವೆಲ್ಲ ಒಬ್ಬಳೇ ಹುಡುಗಿಗೆ, ಒಂದೇ ಮಧ್ಯಾಹ್ನ ಆಗಬಹುದಿತ್ತು.

ಹುಡುಗಿಯರನ್ನು ಗುಡ್ಡಕ್ಕೆ ಕರೆದೊಯ್ಯುವ ಹಿಂದಿನ ರಾತ್ರಿ ಮಲಗಿಕೊಂಡೇ ನಾನು ಇಷ್ಟನ್ನೂ ಒಂದು ಸುತ್ತು ಅನುಭವಿಸಿ ಮುಗಿಸಿದ್ದೆ. ಪಕ್ಕದಲ್ಲಿ ನಮ್ಮ ಯಜಮಾನರು, "ನಾಳೆಗೂ ಸ್ವಲ್ಪ ಉಳಿಸ್ಕೋ" ಎಂದು ಮಗ್ಗುಲಾದರು.

ಇಷ್ಟೆಲ್ಲ ಹೆದರುವವಳಾದರೂ ನನಗೆ ದೆವ್ವ, ಭೂತ, ಕಾಣದ ಕೈ ಇಂಥವುಗಳಲ್ಲಿ ಒಂದಿಷ್ಟೂ ನಂಬಿಕೆ ಇರಲಿಲ್ಲ. ಕಾಣುವ ಅಪಾಯಗಳಿಗೇ ನನ್ನ ಇಪ್ಪತ್ತನಾಲ್ಕು ಗಂಟೆ ಸಾಲುತ್ತಿರಲಿಲ್ಲ. ಯಾರಾದರೂ ಅಂಥ ಕಥೆ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆಂದೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಆಗ ಜಯನಗರ ಅರ್ಧ ಬಡಾವಣೆ, ಅರ್ಧ ಹೊಲ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಮತ್ತು ಲೀಲಾವತಿ ಗೈಡ್ ದಳವೊಂದನ್ನು ನಡೆಸುತ್ತಿದ್ದೆವು. ಸಂಬಳವಿಲ್ಲ, ಸಮವಸ್ತ್ರ ಮಾತ್ರ ಉಂಟು. ನೀಲಿ ಸೀರೆ, ಅದರ ಮೇಲೆ ಬೆಲ್ಟು, ಕೊರಳಲ್ಲಿ ಸೀಟಿ. ಸೀರೆಗೆ ಬೆಲ್ಟು ಕಟ್ಟಿಕೊಂಡು ನಾವು ಬೀದಿಗಿಳಿದರೆ ತರಕಾರಿಯವಳು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದಳು. ಲೀಲಾವತಿ ಅದೇ ಶಾಲೆಯ ಡ್ರಿಲ್ ಟೀಚರು, ನನಗಿಂತ ಎರಡು ಪಟ್ಟು ಧೈರ್ಯವಂತೆ. ನಾನು ಮನೆವಾರ್ತೆಯವಳು. ತರಬೇತಿ ಶಿಬಿರಕ್ಕೆ ಹೋಗಿ ಗಂಟು ಹಾಕುವುದನ್ನೂ ಬೆಂಕಿ ಹೊತ್ತಿಸುವುದನ್ನೂ ಕಲಿತು ಬಂದಿದ್ದೆ. ಮನೆಯಲ್ಲಿ ದಿನವೂ ಒಲೆ ಹೊತ್ತಿಸಿದಾಗ ಯಾರೂ ಕೊಡದಿದ್ದ ಬಿಲ್ಲೆಯನ್ನು ಅಲ್ಲಿ ಕೊಟ್ಟಿದ್ದರು.

ದಳದಲ್ಲಿ ಎರಡು ಪಡೆಗಳು, ಮಲ್ಲಿಗೆ ಮತ್ತು ಸಂಪಿಗೆ. ಸಂಪಿಗೆಯ ನಾಯಕಿ ಪದ್ಮಿನಿ ಹದಿಮೂರರ ಹುಡುಗಿ. ಅವಳ ಅಜ್ಜಿಯನ್ನು ಒಪ್ಪಿಸಲು ನಾನು ಅವರ ಜಗಲಿಯಲ್ಲಿ ಕೂತು ಎಷ್ಟು ಕಾಫಿ ಕುಡಿದೆನೋ. ಕೊನೆಗೆ ಆಕೆ ಹೇಳಿದ್ದು ಇಷ್ಟು: "ದೀಪ ಹಚ್ಚೋ ಹೊತ್ತಿಗೆ ಮಗು ಮನೇಲಿರ್ಬೇಕು. ಇಲ್ದಿದ್ರೆ ನಮ್ಮ ಹುಡುಗಿ ಒಬ್ಳೇ ಅಲ್ಲ, ಈ ಬೀದೀಲಿ ಯಾವ ಹುಡುಗೀನೂ ನಿಮ್ಜೊತೆ ಬರಲ್ಲ ನೋಡಮ್ಮ." ಆ ಬೀದಿಯಲ್ಲಿ ಆಕೆಯ ಮಾತು ಎಷ್ಟು ನಡೆಯುತ್ತದೆಂದು ನನಗೆ ಗೊತ್ತಿತ್ತು. ಹುಡುಗಿಯರಿಗಾದರೋ ದಳ ಸೇರುತ್ತಿದ್ದ ಭಾನುವಾರಗಳೇ ಸರ್ವಸ್ವ. ಹಿರಿಯರ ಕೈ ಹಿಡಿಯದೆ ಅವರು ರಸ್ತೆ ದಾಟುತ್ತಿದ್ದದ್ದು ಅವತ್ತು ಮಾತ್ರ.

ನಾನು ಹೇಳುತ್ತಿರುವ ಭಾನುವಾರದ್ದು ಜಾಡು ಹಿಡಿಯುವ ಆಟ. ನಾನು, ಲೀಲಾವತಿ ಮುಂದೆ ಹೋಗಿ ದಾರಿಯುದ್ದಕ್ಕೂ ಗುರುತು ಹಾಕುತ್ತೇವೆ. ಕಲ್ಲು ಜೋಡಿಸಿ ಮಾಡಿದ ಬಾಣವೆಂದರೆ ಈ ಕಡೆ ಬನ್ನಿ. ಕಡ್ಡಿಗಳನ್ನು ಅಡ್ಡಡ್ಡ ಇಟ್ಟರೆ ಇಲ್ಲಿ ಹೋಗಬೇಡಿ. ಅಲೆಯಂಥ ಗೀಟೆಂದರೆ ಹತ್ತಿರದಲ್ಲಿ ಕುಡಿಯುವ ನೀರಿದೆ. ಕೊನೆಯಲ್ಲೊಂದು ವೃತ್ತ, ನಡುವೆ ಒಂದು ಕಲ್ಲು: ಆಟ ಮುಗಿಯಿತು, ನಾನು ಮನೆಗೆ ಹೋದೆ ಎಂದರ್ಥ. ಗುರುತುಗಳನ್ನು ಓದುತ್ತ ಒಂದು ಪಡೆ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಹಿರಿಯರು ಯಾರೂ ಜೊತೆಗಿರುವುದಿಲ್ಲ, ಅದೇ ಆಟದ ಸೊಗಸು. ಕೊನೆಯ ಪಡೆ ಎಲ್ಲ ಗುರುತನ್ನೂ ಅಳಿಸಿಕೊಂಡು ಬರಬೇಕು, ಮುಂದೆ ಬರುವವರು ಯಾರೂ ದಾರಿ ತಪ್ಪದಿರಲಿ ಎಂದು.

ಬನಶಂಕರಿ ಗುಡಿ ದಾಟಿ ವಸಂತಪುರದ ಗುಡ್ಡದವರೆಗೆ ನಮ್ಮ ಜಾಡು. ನಡುವೆ ಒಂದು ಹುಣಸೆಮರ. ಅಲ್ಲಿಯವರೆಗೆ ಗಾಡಿ ದಾರಿ ಒಂದೇ, ಅಲ್ಲಿ ಅದು ಎರಡಾಗುತ್ತದೆ. ಎಡಕ್ಕೆ ಹೋದರೆ ಗುಡ್ಡ. ಬಲಕ್ಕೆ ಹೋದರೆ ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ. ಅದರಲ್ಲಿ ನೀರು ತುಂಬಿತ್ತು. ಅಂಚಿನಲ್ಲಿ ಹುಲ್ಲು ಬೆಳೆದು, ನೆಲ ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ. ಎರಡರಲ್ಲಿ ಬಲದ ದಾರಿಯೇ ಅಗಲ, ಗೊತ್ತಿಲ್ಲದವರು ಅತ್ತಲೇ ಹೋಗುವುದು. ನಾನು ಎಡಕ್ಕೆ ಒಂದು ಬಾಣ ಹಾಕಿ, ಸಾಲದೆಂದು ಇನ್ನೊಂದು ಹಾಕಿ, ಮೂರನೆಯದಕ್ಕೆ ಕಲ್ಲು ಹುಡುಕುತ್ತಿದ್ದಾಗ ಲೀಲಾವತಿ, "ರೀ, ಬಿಡ್ರೀ, ಹುಡುಗೀರು ಓದೋಕ್ ಬರ್ತಾರೆ, ಮನೆ ಕಟ್ಟೋಕಲ್ಲ" ಎಂದು ಎಳೆದುಕೊಂಡು ಹೋದರು.

ಗುಡ್ಡದ ಮೇಲೆ ಹಳೆಯ ಮಂಟಪದಲ್ಲಿ ಕಾದು ಕೂತೆವು. ಮಲ್ಲಿಗೆ ಪಡೆ ಹೇಳಿದ ಹೊತ್ತಿಗೆ ಬೆವರುತ್ತ, ಕೇಕೆ ಹಾಕುತ್ತ ಹತ್ತಿ ಬಂತು. ಯಾರಿಗೂ ಹಾವು ಕಚ್ಚಿರಲಿಲ್ಲ. ನಾನು ಸಂತೋಷದಿಂದ ಬೆಲ್ಲದ ಪಾನಕ ಬಗ್ಗಿಸುತ್ತಿದ್ದೆ. ಅವರ ನಾಯಕಿ ವನಜ ಸೆಟೆದು ನಿಂತು ಸೆಲ್ಯೂಟ್ ಹೊಡೆದಳು. "ಅಕ್ಕ, ಈ ಸಲ ಅಚ್ಚುಕಟ್ಟಿನ ಅಂಕ ನಮಗೇ. ಒಂದು ಗುರುತೂ ಬಿಡದ ಹಾಗೆ ಎಲ್ಲಾ ಅಳಿಸ್ಕೊಂಡು ಬಂದ್ವಿ."

ಲೀಲಾವತಿ ನನ್ನ ಮುಖ ನೋಡಿದರು. ಹಿಂದಿನ ವಾರ ಕಸ ಬಿಟ್ಟು ಬಂದದ್ದಕ್ಕೆ ಮಲ್ಲಿಗೆಯವರಿಗೆ ಅಂಕ ಹೋಗಿತ್ತು. ಆ ಅಂಕವನ್ನು ಮರಳಿ ಗೆಲ್ಲುವ ಹುರುಪಿನಲ್ಲಿ, ಹಿಂದೆ ಸಂಪಿಗೆಯವರು ಬರುತ್ತಿದ್ದಾರೆ ಎಂಬುದೇ ವನಜಳಿಗೆ ಮರೆತಿತ್ತು.

ಲೀಲಾವತಿ ಮಕ್ಕಳ ಜೊತೆ ನಿಂತರು, ನಾನು ಇಳಿದು ಓಡಿದೆ. ಸೀರೆ ಎತ್ತಿ ಬೆಲ್ಟಿಗೆ ಸಿಕ್ಕಿಸಿ, ಸೀಟಿ ಊದುತ್ತ ಓಡಿದೆ. ಹುಣಸೆಮರದ ಬುಡದಲ್ಲಿ ನನ್ನ ಎರಡು ಬಾಣಗಳ ಒಂದು ಕಲ್ಲೂ ಇರಲಿಲ್ಲ. ಹುಡುಗಿಯರೂ ಇರಲಿಲ್ಲ. ಬಲಕ್ಕೆ ತಿರುಗಿ ಕ್ವಾರಿಯ ಕಡೆ ಹೋದೆ. ನೀರು ಅಲುಗಾಡದೆ ಇತ್ತು. ಅಂಚಿನ ಹುಲ್ಲಿನಲ್ಲಿ ಮಂಡಿಯೂರಿ, ಒಂದು ಸ್ಕಾರ್ಫ್, ಒಂದು ರಿಬ್ಬನ್ ಏನಾದರೂ ತೇಲುತ್ತಿದೆಯೇ ಎಂದು ನೋಡಿದೆ. ಹೆದರಿಕೆಯಲ್ಲಿ ಇಷ್ಟು ವರ್ಷ ಪಳಗಿದವಳು ನಾನು, ಆದರೂ ಅದು ಬೇರೆಯದೇ ಆಗಿತ್ತು. ಪದ್ಮಿನಿಯ ಅಜ್ಜಿಗೆ ಏನು ಹೇಳಲಿ ಎಂದು ಯೋಚಿಸಿದೆ.

ಆಗ ಗುಡ್ಡದ ಮೇಲಿನಿಂದ ಲೀಲಾವತಿಯ ಸೀಟಿ ಕೇಳಿಸಿತು. ಎಲ್ಲರೂ ಒಟ್ಟುಗೂಡಿ ಎನ್ನುವ ಕರೆ.

ಹೇಗೆ ಹತ್ತಿದೆನೋ ತಿಳಿಯದು. ಮಂಟಪದಲ್ಲಿ ಸಂಪಿಗೆ ಪಡೆ ಇತ್ತು, ಅಷ್ಟೂ ಹುಡುಗಿಯರು. ಗುಡ್ಡದ ಹಿಂಬದಿಯಿಂದ, ನಾವು ಯಾವತ್ತೂ ಹತ್ತದ ಕಡೆಯಿಂದ, ಹಾಡಿಕೊಂಡು ಬಂದರಂತೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ನಾನು ಒಬ್ಬೊಬ್ಬಳ ತಲೆ ಮುಟ್ಟಿ ನೋಡುತ್ತಿದ್ದೆ. ನಗು, ಅಳು ಎರಡೂ ಒಟ್ಟಿಗೇ ಬರುತ್ತಿದ್ದವು.

ಪದ್ಮಿನಿಯ ಕಣ್ಣು ಹೊಳೆಯುತ್ತಿತ್ತು. "ಅಕ್ಕ, ಇಷ್ಟು ಚೆನ್ನಾಗಿ ನೀವು ಯಾವತ್ತೂ ಗುರುತು ಹಾಕಿರ್ಲಿಲ್ಲ. ಮೊದಲು ಒಂದೂ ಸಿಗಲಿಲ್ಲ, ದಾರಿ ಒಂದೇ ಅಲ್ವಾ ಅಂತ ಬಂದ್ವಿ. ಹುಣಸೆಮರದ ಹತ್ರ ಬಲಗಡೆ ಹೊರಟೇಬಿಟ್ಟಿದ್ವಿ. ನೋಡಿದ್ರೆ ಅಡ್ಡ ಕಡ್ಡಿ ಇಟ್ಟಿದ್ರಿ."

ನಾನು ಅಲ್ಲಿ ಅಡ್ಡ ಕಡ್ಡಿ ಇಟ್ಟಿರಲಿಲ್ಲ. ಇಡಬೇಕಿತ್ತು. ಬಾಣದ ಚಿಂತೆಯಲ್ಲಿ ಅದು ತೋಚಲೇ ಇಲ್ಲ.

ಆಮೇಲೆ ಏನಾಯಿತೆಂದು ಅವರೇ ಸರದಿಯ ಮೇಲೆ ಹೇಳಿದರು. ಎಡದ ದಾರಿಯಲ್ಲಿ ಏನೂ ಇರಲಿಲ್ಲವಂತೆ. ಮರದ ಹಿಂದೆ ಕಳ್ಳಿ ಬೇಲಿಯ ಸಂದಿಯಲ್ಲಿ ಒಂದು ಬಾಣ. ಮುಂದೆ ಬಂಡೆಯ ಮೇಲೊಂದು. ಆಮೇಲೆ ಹೋಗಬೇಕಾದ ಕಡೆಗೆ ಬಾಗಿಸಿ ಕಟ್ಟಿದ ಹುಲ್ಲಿನ ಗಂಟುಗಳು. ಒಂದು ಕಡೆ ಅಲೆಯ ಗೀಟು. ಅಲ್ಲಿ ಬಂಡೆಯ ಅಡಿಯಲ್ಲಿ ಒರತೆ, ಎಲ್ಲರೂ ನೀರು ಕುಡಿದರಂತೆ, ತಣ್ಣಗೆ ಸಿಹಿಯಾಗಿತ್ತಂತೆ. ಗುಡ್ಡದ ಹಿಂಬದಿಯ ಬುಡದಲ್ಲಿ ವೃತ್ತ, ನಡುವೆ ಒಂದು ಕಲ್ಲು. ನಮ್ಮ ವೃತ್ತವನ್ನು ನಾವು ಮಂಟಪದ ಮೆಟ್ಟಿಲ ಬಳಿ ಹಾಕಿದ್ದೆವು.

"ಆ ಗುರುತೆಲ್ಲ ಈಗ ಎಲ್ಲಿ?" ಎಂದು ಲೀಲಾವತಿ ಕೇಳಿದರು. ಅವರ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಳಿಸಿಬಿಟ್ವಲ್ಲ ಅಕ್ಕ" ಎಂದಳು ಪದ್ಮಿನಿ. "ನಾವೇ ತಾನೆ ಕೊನೇ ಪಡೆ? ಹುಲ್ಲಿನ ಗಂಟೂ ಬಿಚ್ಚಿದ್ವಿ."

ಅಷ್ಟು ಚೆನ್ನಾಗಿ ಕಲಿಸಿದವರು ನಾವೇ.

ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಮನೆ ಸೇರಿಸಿದೆವು. ಅಜ್ಜಿ ಬಾಗಿಲಲ್ಲೇ ಇದ್ದರು. ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿ, "ಮುಂದಿನ ವಾರ ಯಾವ ಕಡೆ?" ಎಂದರು. ಆ ಮಾತಿಗೆ ನಾನು ಬೀದಿಯಲ್ಲೇ ಕುಣಿಯುವುದೊಂದು ಬಾಕಿ.

ಆದರೆ ರಾತ್ರಿ ನಿದ್ದೆ ಬರಲಿಲ್ಲ. ಲೀಲಾವತಿ ಇಡೀ ಮಧ್ಯಾಹ್ನ ನನ್ನ ಪಕ್ಕದಲ್ಲೇ ಇದ್ದರು. ಮರುದಿನ ವನಜಳನ್ನು ಪ್ರತ್ಯೇಕವಾಗಿ ಕರೆದು ಕೇಳಿದೆ. ತನ್ನ ಮರೆವಿಗೆ ಅತ್ತಳೇ ಹೊರತು ಬೇರೇನೂ ಗೊತ್ತಿರಲಿಲ್ಲ. ಆ ಕಡೆ ಇನ್ನೊಂದು ದಳ ಬಂದಿತ್ತೇ ಎಂದು ವಿಚಾರಿಸಿದೆ, ಇಲ್ಲ. ಮರುವಾರ ನಾನು, ಲೀಲಾವತಿ ಇಬ್ಬರೇ ಹೋಗಿ ನೋಡಿದೆವು. ಬೇಲಿಯ ಸಂದಿ ಇತ್ತು, ಬಂಡೆಯಡಿ ಒರತೆಯೂ ಇತ್ತು. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದ್ದಕ್ಕೆ, "ಬೆಲ್ಟು ಕಟ್ಟಿದ ಹೆಂಗಸ್ರನ್ನ ನಾನು ನೋಡ್ತಿರೋದು ಇವತ್ತೇ ಕಣಕ್ಕ" ಎಂದು ನಕ್ಕಳು. ದನ ಕಾಯುವ ಮಕ್ಕಳು ಕಲ್ಲಿನ ಆಟ ಆಡಿರಬಹುದು ಎಂದು ಲೀಲಾವತಿ ಹೇಳಿದರು. ಇರಬಹುದು ಎಂದೆ. ಅಡ್ಡ ಕಡ್ಡಿ, ಅಲೆಯ ಗೀಟು, ವೃತ್ತದ ನಡುವಿನ ಕಲ್ಲು ಇವೆಲ್ಲ ಆ ಮಕ್ಕಳಿಗೆ ಹೇಗೆ ಗೊತ್ತು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.

ಆ ದಿನ ನಿಜವಾಗಿ ಎಡವಟ್ಟಾದದ್ದು ಒಂದೇ, ಅದೂ ಚಿಕ್ಕದು. ಜಾಡು ಮುಗಿಸಿದ ಪಡೆ ಗುರುತು ಹಾಕಿದವರ ಸುತ್ತ ನಿಂತು, ತಾಳ ಹಾಕಿ ಚಪ್ಪಾಳೆ ತಟ್ಟಿ, ಕೊನೆಗೆ ಎರಡೂ ಅಂಗೈ ಚಾಚಿ ಆ ಚಪ್ಪಾಳೆಯನ್ನು ಅವರಿಗೆ ಒಪ್ಪಿಸುವುದು ನಮ್ಮ ಪದ್ಧತಿ. ಮಂಟಪದಲ್ಲಿ, ಆ ಗುರುತುಗಳು ನಮ್ಮವಲ್ಲ ಎಂದು ನಾವು ಹೇಳುವ ಮೊದಲೇ ಸಂಪಿಗೆಯವರು ನಮ್ಮಿಬ್ಬರನ್ನು ಸುತ್ತುವರಿದರು. ಲೀಲಾವತಿ ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ. ಅಕ್ಕಂದಿರಿಗೆ ನಾಚಿಕೆ ಎಂದುಕೊಂಡು ಹುಡುಗಿಯರು ಇನ್ನೂ ಜೋರಾಗಿ ತಟ್ಟಿ, ಅಷ್ಟನ್ನೂ ನಮಗೇ ಒಪ್ಪಿಸಿಬಿಟ್ಟರು.